ಹೆಸರು ಗೊತ್ತಿಲ್ಲ, ಕಾಲು ಎಂಟು

ನಲವತ್ತೆರಡು ಗಾಜಿನ ಜಾಡಿಗಳು, ನಲವತ್ತೆರಡು ಚೀಟಿಗಳು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಒಂದು ಜಾಡಿಯೂ ಒಡೆದಿರಲಿಲ್ಲ, ಒಂದು ಚೀಟಿಯೂ ಹರಿದಿರಲಿಲ್ಲ. ಆದರೂ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮಾದರಿ ಕೋಣೆಯಲ್ಲಿ, ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಜಾಡಿ ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ಯಾವ ಚೀಟಿ ಯಾವ ಜಾಡಿಯದು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅವರು ಡಾಕ್ಟರಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರು ಆ ಕೋಣೆಯ ಅಟೆಂಡರು. ಇಪ್ಪತ್ತಾರು ವರ್ಷಗಳಿಂದ ಜಾಡಿಗಳ ಧೂಳು ಒರೆಸಿ, ಔಷಧದ ನೀರು ಕಡಿಮೆಯಾದರೆ ತುಂಬಿಸಿ, ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋಗುವುದು ಅವರ ಕೆಲಸ. ಆದರೆ ಬೀದಿಯಲ್ಲಿ ಯಾರ ಮನೆಯಲ್ಲಿ ಜಿರಳೆ ಕಂಡರೂ ಇವರು ಬಾಗಿಲಲ್ಲಿ ನಿಂತು, "ಇದು ಸಂಧಿಪದಿ ವಂಶ. ಗಾಬರಿ ಬೇಡ" ಎನ್ನುತ್ತಿದ್ದರು. ಜಿರಳೆ ಅದರಿಂದೇನೂ ಹೊರಗೆ ಹೋಗುತ್ತಿರಲಿಲ್ಲ. ಆದರೂ ಬೀದಿಯವರು ಅವರಿಗೆ ಡಾಕ್ಟರ್ ಪದವಿ ಕೊಟ್ಟು ಬಹಳ ಕಾಲವಾಗಿತ್ತು. ಬೆನ್ನುಮೂಳೆ ಇಲ್ಲದ ಪ್ರಾಣಿಗಳನ್ನು ಕಾಯುವವರ ಬೆನ್ನುಮೂಳೆಯ ಬಗ್ಗೆ ಓದುಗರು ಒಂದು ಚಟಾಕಿ ನಿರೀಕ್ಷಿಸುತ್ತಿದ್ದರೆ, ಅದನ್ನು ಕಾಲೇಜಿನ ಗುಮಾಸ್ತರೆಲ್ಲ ಸರದಿಯ ಮೇಲೆ ಹಾರಿಸಿ ಮುಗಿಸಿದ್ದಾರೆ. ಡಾಕ್ಟರು ಅದಕ್ಕೆ ತಲೆ ಎತ್ತುವುದನ್ನೂ ಬಿಟ್ಟಿದ್ದರು.

ಅವರ ಜಂಬ ಒಂದೇ ಒಂದು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲಿ ಸಿಕ್ಕರೂ ಹೇಳುತ್ತಿದ್ದರು: "ಆ ನಲವತ್ತೆರಡೂ ನನಗೆ ಹೆತ್ತ ಮಕ್ಕಳಿದ್ದ ಹಾಗೆ. ಕಣ್ಣು ಕಟ್ಟಿ ಬಿಟ್ರೂ ಯಾವುದು ಯಾವುದು ಅಂತ ಹೇಳ್ತೀನಿ."

ಇಂಥವರಿಗೆ ಆಪತ್ತು ಬಂದದ್ದು ಶುಚಿತ್ವದಿಂದ. ಶನಿವಾರ ತಪಾಸಣೆಗೆ ದೊಡ್ಡ ಊರಿನಿಂದ ಒಬ್ಬ ತಜ್ಞೆ ಬರುವವರಿದ್ದರು. ಮಾದರಿ ಕೋಣೆ ಕಾಲೇಜಿಗೆ ಬೇಕೋ ಬೇಡವೋ ಎಂದು ಅವರು ವರದಿ ಬರೆಯಬೇಕಿತ್ತು. ಬೇಡ ಎಂದು ಬರೆಯಲಿ ಎಂಬುದು ಪ್ರಿನ್ಸಿಪಾಲರ ಆಸೆ. ಅವರ ಕೋಣೆಯಲ್ಲಿ ಜಾಗ ಸಾಲದ ಸೋಫಾ ಒಂದು ವರ್ಷದಿಂದ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಕೋಣೆ ಮುಚ್ಚಿದರೆ ಸೋಫಾ ಒಳಗೆ, ಜಾಡಿಗಳು ಗೋದಾಮಿಗೆ, ಡಾಕ್ಟರು ಗೇಟಿನ ಬಳಿ ಗಂಟೆ ಹೊಡೆಯುವುದಕ್ಕೆ. ಇದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ. "ಗೇಟ್ ಹತ್ರ ಗಾಳಿ ಚೆನ್ನಾಗಿದೆ ಕಣ್ರೀ" ಎಂದು ಎರಡು ಸಲ ಹೇಳಿದ್ದರು.

ಆದ್ದರಿಂದ ಡಾಕ್ಟರು ಜಾಡಿಗಳನ್ನು ಹೊಳೆಯಿಸಲು ಟೊಂಕ ಕಟ್ಟಿದರು. ಚೀಟಿಗಳನ್ನು ಬಿಸಾಡುವಂತಿರಲಿಲ್ಲ. ವಿಭಾಗವನ್ನು ಕಟ್ಟಿದ ದೊಡ್ಡ ಪ್ರೊಫೆಸರು ತಮ್ಮ ಕೈಯಾರೆ ಬರೆದ ಮುತ್ತಿನಂಥ ಅಕ್ಷರಗಳು ಅವು. ಗೋಡೆಯ ಮೇಲಿನ ಫೋಟೋದಿಂದ ಅವರು ಇವತ್ತಿಗೂ ಆ ಚೀಟಿಗಳನ್ನೇ ನೋಡುತ್ತಿದ್ದರು. ಡಾಕ್ಟರು ಬುದ್ಧಿವಂತಿಕೆಯಿಂದ ಮೊದಲು ಪ್ರತಿ ಜಾಡಿಯ ಮೇಲೂ ಚೀಟಿಯ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆದರು. ಆಮೇಲೆ ಚೀಟಿಗಳನ್ನು ನೆನೆಸಿ, ಬಿಡಿಸಿ, ಕಿಟಕಿಯ ಬಳಿ ಒಣಹಾಕಿದರು. ಅಲ್ಲಿಯವರೆಗೆ ಯಾವ ಪ್ರೊಫೆಸರೂ ತಪ್ಪು ಹುಡುಕುವಂತಿರಲಿಲ್ಲ. ಚೀಟಿ ಒಣಗುವವರೆಗೆ ಸುಮ್ಮನೆ ಕೂರಲಾಗದೆ, ಜಾಡಿಗಳ ಮೇಲೆ ಅದೇನೋ ಬಿಳಿ ಬಿಳಿ ಗಲೀಜು ಕಾಣುತ್ತಿದೆಯಲ್ಲ ಎಂದು ಬೇಸರಪಟ್ಟು, ಒದ್ದೆ ಬಟ್ಟೆ ತೆಗೆದುಕೊಂಡು ನಲವತ್ತೆರಡನ್ನೂ ಫಳಫಳ ಒರೆಸಿಟ್ಟರು. ಕೊನೆಯ ಜಾಡಿ ಒರೆಸಿ ಬಟ್ಟೆ ಹಿಂಡುವಾಗ, ಇಳಿದ ಬಿಳಿ ನೀರು ಸೀಮೆಸುಣ್ಣದ್ದು ಎಂದು ಅವರಿಗೆ ಹೊಳೆಯಿತು.

ರಿಜಿಸ್ಟರು ತೆಗೆದು ನೋಡಿದರು. ಅದರಲ್ಲಿ ಸಂಖ್ಯೆ ಇತ್ತು, ಹೆಸರು ಇತ್ತು, ಮುಖ ಇರಲಿಲ್ಲ. ಹೆತ್ತ ಮಕ್ಕಳತ್ತ ತಿರುಗಿದರು. ಚೀಟಿ ಕಳಚಿಕೊಂಡ ಮಕ್ಕಳು ಯಾರೋ ಪರಿಚಯವಿಲ್ಲದವರಂತೆ ಗಾಜಿನ ಹಿಂದೆ ತೇಲುತ್ತಿದ್ದವು. ಏಡಿ, ಚೇಳು, ನಕ್ಷತ್ರಮೀನು ಗುರುತು ಸಿಕ್ಕವು. ಉಳಿದವುಗಳಲ್ಲಿ ಅರ್ಧಕ್ಕರ್ಧ ಉದ್ದನೆಯ, ಬೆಳ್ಳನೆಯ, ಮೆತ್ತನೆಯ ವಸ್ತುಗಳು.

ಡಾಕ್ಟರು ಅಂಥದೊಂದು ಜಾಡಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ವಿಭಾಗದ ಮುಖ್ಯಸ್ಥರ ಬಳಿ ಹೋದರು. ಅಲ್ಲೇ ಇನ್ನೊಬ್ಬ ಉಪನ್ಯಾಸಕರು ಚಹಾ ಕುಡಿಯುತ್ತಿದ್ದರು.

"ಸಾರ್, ಸುಮ್ನೆ ಒಂದು ತಮಾಷೆಗೆ. ಇದೇನು ಹೇಳಿ ನೋಡೋಣ?"

ಮುಖ್ಯಸ್ಥರು ಕನ್ನಡಕ ಏರಿಸಿ ಜಾಡಿಯನ್ನು ಸುತ್ತಲೂ ತಿರುಗಿಸಿದರು. ಕೆಳಗೆ ಬಗ್ಗಿ ತಳವನ್ನೂ ನೋಡಿದರು. ಅವರು ಹುಡುಕುತ್ತಿದ್ದದ್ದು ಪ್ರಾಣಿಯನ್ನಲ್ಲ ಎಂದು ಡಾಕ್ಟರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಚೀಟಿ ಎಲ್ರೀ?"

"ಒಣಗ್ತಾ ಇದೆ ಸಾರ್."

"ಒಣಗಲಿ. ಅಂಟಿಸಿ ತಗೊಂಡು ಬನ್ನಿ, ಹೇಳ್ತೀನಿ."

"ನಿಮಗೆ ಚೀಟಿ ಯಾಕೆ ಸಾರ್? ನೀವು ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದ್ದೀರಿ."

"ಗೊತ್ತಿಲ್ಲ ಅಂತ ನಾನು ಹೇಳಿದ್ನಾ?" ಮುಖ್ಯಸ್ಥರ ಧ್ವನಿ ಗಂಭೀರವಾಯಿತು. "ನಿಮಗೆ ಏನನ್ಸುತ್ತೆ, ಮೊದಲು ಅದನ್ನ ಹೇಳಿ."

"ಎರೆಹುಳು ಅನ್ಸುತ್ತೆ ಸಾರ್."

"ಹ್ಞೂಂ. ಹಾಗೂ ಹೇಳಬಹುದು."

"ಜಿಗಣೆನೂ ಇರಬಹುದು."

"ಅದನ್ನ ಅಲ್ಲಗಳೆಯೋ ಹಾಗಿಲ್ಲ."

"ಕಡಲ ಸೌತೆ ಅಂತ ಒಂದು ಚೀಟಿ ಇದೆಯಲ್ಲ ಸಾರ್, ಅದೇನಾದ್ರೂ..."

"ನೋಡಿ, ವಿಜ್ಞಾನದಲ್ಲಿ ಅವಸರ ಕೂಡದು" ಎಂದು ಮುಖ್ಯಸ್ಥರು ಜಾಡಿಯನ್ನು ಪಕ್ಕದವರ ಕಡೆ ತಳ್ಳಿದರು. ಆ ಉಪನ್ಯಾಸಕರು ಅದನ್ನು ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡು, "ನನ್ನದು ಬೆನ್ನುಮೂಳೆ ಇರೋ ಪ್ರಾಣಿಗಳ ಪೇಪರು" ಎಂದು ಹೇಳಿ ಚಹಾ ಮುಗಿಸಿದರು. ಡಾಕ್ಟರು ಜಾಡಿಗೆ ಮತ್ತೆ ಟವೆಲು ಸುತ್ತಿಕೊಂಡು ಹೊರಗೆ ಬಂದರು.

ಮನೆಯಲ್ಲಿ ಹೆಂಡತಿಯ ಮುಂದೆ ಬಾಯಿ ಬಿಡಲೇಬೇಕಾಯಿತು. ಆಕೆ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಅಲ್ರೀ, ಬರೆದೋರೂ ನೀವೇ, ಒರೆಸಿದೋರೂ ನೀವೇನಾ?"

"ಗಲೀಜಾಗಿ ಕಾಣ್ತಿತ್ತು ಕಣೇ."

"ಮನೇಲಿ ಒಂದು ಲೋಟ ಎತ್ತಿಡಲ್ಲ. ಅಲ್ಲಿ ಗಲೀಜು ಕಾಣ್ತು." ಆಕೆ ಎದ್ದು ಬೀರುವಿನ ಬಳಿ ಹೋಗಿ ಬಗ್ಗಿದರು. ಒಂದು ಕಾಲು ಗಿಡ್ಡವಾದ ಆ ಬೀರುವಿಗೆ ಒತ್ತು ಕೊಟ್ಟಿದ್ದ ದಪ್ಪ ಪುಸ್ತಕವನ್ನು ಎಳೆದು ತೆಗೆದರು. ಮಗಳು ಕಾಲೇಜಿನಲ್ಲಿ ಒಂದೇ ಒಂದು ವರ್ಷ ಓದಿದ ಪ್ರಾಣಿಶಾಸ್ತ್ರದ ಪುಸ್ತಕ. ಹತ್ತು ವರ್ಷದಿಂದ ಅದು ಬೀರುವನ್ನು ಹೊತ್ತಿತ್ತು. "ಯಾರನ್ನೂ ಕೇಳಬೇಡಿ. ಕೂತು ನೋಡಿ. ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಯಾರಾದ್ರೂ ಚೀಟಿ ನೋಡ್ತಾರಾ?"

ಬುಧವಾರ, ಗುರುವಾರ ಎರಡು ದಿನ ಡಾಕ್ಟರು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ನೋಡಿದರು. ನಿಜವಾಗಿ ನೋಡಿದರು. ಇಪ್ಪತ್ತಾರು ವರ್ಷ ತಾವು ಒರೆಸಿದ್ದು ಗಾಜನ್ನೇ ಹೊರತು ಒಳಗಿದ್ದದ್ದನ್ನು ಕಂಡೇ ಇರಲಿಲ್ಲ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ತಿಳಿಯಿತು. ಅದಕ್ಕೆ ಅವರಿಗೆ ನಾಚಿಕೆಯಾಯಿತು. ಆದರೆ ನಾಚಿಕೆಪಡಲು ಸಮಯವಿರಲಿಲ್ಲ; ಎಣಿಸುವುದಿತ್ತು.

ಮೈಯೆಲ್ಲ ಉಂಗುರ ಉಂಗುರವಾಗಿದ್ದು, ಕತ್ತಿಗೆ ಪಟ್ಟಿ ಕಟ್ಟಿದಂತಿದ್ದರೆ ಎರೆಹುಳು. ಉಂಗುರವಿದ್ದೂ ಎರಡು ತುದಿಗೂ ಬಟ್ಟಲಿನಂಥ ಹೀರುಬಾಯಿ ಇದ್ದರೆ ಜಿಗಣೆ. ಉಂಗುರವೇ ಇಲ್ಲದೆ ಎರಡು ತುದಿಯೂ ಚೂಪಾಗಿದ್ದರೆ ಜಂತುಹುಳು. ಚಪ್ಪಟೆಯಾಗಿ ಲಾಡಿಯಂತಿದ್ದ ಲಾಡಿಹುಳು ಹೆಸರಿನಲ್ಲೇ ತನ್ನನ್ನು ಹೇಳಿಕೊಂಡಿತು. ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದ ಆ ಜಾಡಿಯಲ್ಲಿ ಉಂಗುರವೂ ಇರಲಿಲ್ಲ, ತಲೆಯೂ ಇರಲಿಲ್ಲ. ಮೈ ತುಂಬ ಐದು ಸಾಲು ಪುಟ್ಟ ಕಾಲುಗಳಿದ್ದವು. ಐದರ ಲೆಕ್ಕ ನಕ್ಷತ್ರಮೀನಿನದು. ಹಾಗಾದರೆ ಇದು ಅದರ ದಾಯಾದಿ ಕಡಲ ಸೌತೆಯೇ ಎಂದು ತಿಳಿದಾಗ ಡಾಕ್ಟರು ಸ್ಟೂಲಿನಿಂದ ಎದ್ದು ನಿಂತುಬಿಟ್ಟರು. ಒಂದು ಉಂಗುರಕ್ಕೆ ಒಂದು ಜೊತೆ ಕಾಲಿದ್ದರೆ ಶತಪದಿ, ಎರಡು ಜೊತೆ ಇದ್ದರೆ ಸಹಸ್ರಪದಿ. ಇದನ್ನು ಎಣಿಸುವಾಗ ಪ್ರಿನ್ಸಿಪಾಲರು ಎರಡು ಸಲ ಬಾಗಿಲು ಬಡಿದದ್ದರಿಂದ ಎರಡು ಸಲವೂ ಮೊದಲ ಕಾಲಿನಿಂದ ಶುರುಮಾಡಬೇಕಾಯಿತು.

ಸಂಜೆ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದರು. "ಬಸವನಹುಳು ಇದೆಯಲ್ಲ, ಅದೂ ಅಷ್ಟಪದಿನೂ ಒಂದೇ ವಂಶವಂತೆ ಕಣೇ. ಇಬ್ರದ್ದೂ ಮೈ ಮೆತ್ತಗೆ. ಒಬ್ಬ ಮನೆ ಹೊತ್ಕೊಂಡಿದ್ದಾನೆ, ಇನ್ನೊಬ್ಬ ಮನೆ ಬಿಟ್ಟಿದ್ದಾನೆ."

"ನಾನೂ ನನ್ನ ತಮ್ಮನೂ ಇದ್ದ ಹಾಗೆ ಅನ್ನಿ" ಎಂದರು ಹೆಂಡತಿ. ಒತ್ತು ಕಳೆದುಕೊಂಡ ಬೀರು ಅವರು ಮುಟ್ಟಿದಾಗಲೆಲ್ಲ ಕುಂಟುತ್ತಿತ್ತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಜಾಡಿಗಳಿಗೆ ನಲವತ್ತೊಂದು ಚೀಟಿ ಅಂಟಿದವು. ಒಂದು ಜಾಡಿ, ಒಂದು ಚೀಟಿ ಉಳಿಯಿತು. ಉಳಿದದ್ದು ಅದರದೇ ಎನ್ನಲು ಯಾವ ಪದವಿಯೂ ಬೇಕಿರಲಿಲ್ಲ. ಚೀಟಿಯ ಮೇಲೆ ದೊಡ್ಡ ಪ್ರೊಫೆಸರ ಮುತ್ತಿನಕ್ಷರ: "ಕಡ್ಡಿಹುಳು. ವರ್ಗ: ಕೀಟ." ಡಾಕ್ಟರು ಗೋಂದು ಸವರಿ ಚೀಟಿಯನ್ನು ಗಾಜಿನ ಹತ್ತಿರ ತಂದವರು, ಎರಡು ದಿನದ ಅಭ್ಯಾಸಬಲದಿಂದ ಕಾಲು ಎಣಿಸಿದರು.

ಎಂಟು.

ಕೀಟಕ್ಕೆ ಆರು ಕಾಲು. ಇಡೀ ಪುಸ್ತಕದಲ್ಲಿ ಅಷ್ಟು ಖಡಾಖಂಡಿತವಾಗಿ ಹೇಳಿದ ಮಾತು ಇನ್ನೊಂದಿಲ್ಲ. ಮತ್ತೆ ಎಣಿಸಿದರು. ಕನ್ನಡಕ ಒರೆಸಿ ಎಣಿಸಿದರು. ಗಾಜಿನ ಪಟ್ಟಿಗೆ ನೀಲಿ ದಾರದಿಂದ ಕಟ್ಟಿದ್ದ ಆ ಪ್ರಾಣಿಯಲ್ಲಿ ಕಾಲುಗಳೇ ಎಲ್ಲ; ಮೈ ಎಲ್ಲಿದೆ ಎಂದು ಹುಡುಕಬೇಕಿತ್ತು. ಕಡ್ಡಿಯಂತೆ ತೆಳ್ಳಗಿನ, ಉದ್ದನೆಯ ಎಂಟು ಕಾಲು. ಬೆರಳಲ್ಲಿದ್ದ ಗೋಂದು ಒಣಗಿತು.

ಬೇರೆ ಯಾವುದೋ ಜಾಡಿಯಲ್ಲಿ ತಪ್ಪಿರಬೇಕು ಎಂದುಕೊಂಡು ಅವರು ಕೆಳಗಿನ ಕಪಾಟು ತೆರೆದರು. ವಿದ್ಯಾರ್ಥಿಗಳು ವಾಪಸು ಒಯ್ಯದ ಹಳೆಯ ರೆಕಾರ್ಡ್ ಪುಸ್ತಕಗಳು ಅಲ್ಲಿ ಕಟ್ಟು ಕಟ್ಟಾಗಿದ್ದವು. ಒಂದೊಂದನ್ನೇ ತೆರೆದು ಕಡ್ಡಿಹುಳುವಿನ ಪುಟ ಹುಡುಕಿದರು. ಎಲ್ಲದರಲ್ಲೂ ಇದೇ ಗಾಜಿನ ಪಟ್ಟಿ, ಇದೇ ನೀಲಿ ದಾರ. ಕೆಲವರಂತೂ ದಾರದ ಗಂಟನ್ನು ಕೂಡ ಬಣ್ಣದ ಪೆನ್ಸಿಲಿನಲ್ಲಿ ತಿದ್ದಿ ತೀಡಿ ಬರೆದಿದ್ದರು. ಜಾಡಿ ಇದೇ, ಸಂಶಯವಿಲ್ಲ. ಆದರೆ ಎಲ್ಲರ ಚಿತ್ರದಲ್ಲೂ ಕಾಲು ಆರೇ. ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ "ಸರಿ." ಚೀಟಿ ಕೀಟ ಎಂದಿತ್ತು, ಕೀಟಕ್ಕೆ ಆರು ಕಾಲು, ಆದ್ದರಿಂದ ಕಣ್ಣೆದುರಿನ ಎಂಟರಲ್ಲಿ ಎರಡನ್ನು ಎಲ್ಲರೂ ಮರ್ಯಾದೆಯಿಂದ ಬಿಟ್ಟುಕೊಟ್ಟಿದ್ದರು.

ಇಪ್ಪತ್ತೇಳನೆಯ ಪುಸ್ತಕದಲ್ಲಿ ಕಾಲು ಎಂಟಿದ್ದವು. ಎರಡರ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ "ಎರಡು ಕಾಲು ಹೆಚ್ಚು! ಗಮನವಿಟ್ಟು ನೋಡು!" ಎಂದು ಬರೆದಿತ್ತು. ಡಾಕ್ಟರು ಪುಸ್ತಕ ಮುಚ್ಚಿ ಹೊದಿಕೆಯ ಮೇಲಿನ ಹೆಸರು ನೋಡಿದರು. ನೋಡುವ ಮೊದಲೇ ಅವರಿಗೆ ಗೊತ್ತಾಗಿತ್ತು. ಅದು ಅವರ ಮಗಳ ಅಕ್ಷರ.

ಹನ್ನೊಂದು ವರ್ಷದ ಹಿಂದಿನ ಒಂದು ಸಂಜೆ ಇಡಿಯಾಗಿ ನೆನಪಾಯಿತು. ಮಗಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ್ದಳು: "ಅಪ್ಪ, ನಾನು ಎಣಿಸಿದ್ದೀನಿ. ಎಂಟಿದೆ. ನೀನಾದ್ರೂ ಒಂದ್ಸಲ ಎಣಿಸಿ ನೋಡು." ಇವರು ಏನೆಂದಿದ್ದರು? "ದೊಡ್ಡ ಪ್ರೊಫೆಸರು ಬರೆದ ಚೀಟಿ ತಪ್ಪಾಗುತ್ತಾ? ಅವು ನನ್ನ ಜಾಡಿ, ನನಗೆ ಗೊತ್ತಿಲ್ವಾ? ನಿನ್ನ ಕಣ್ಣೇ ಸರಿಯಿಲ್ಲ" ಎಂದಿದ್ದರು. ಮರುದಿನ ಅವಳನ್ನು ಕಣ್ಣಿನ ಆಸ್ಪತ್ರೆಗೂ ಕರೆದುಕೊಂಡು ಹೋಗಿದ್ದರು! ಕಣ್ಣು ಚೆನ್ನಾಗಿಯೇ ಇತ್ತು. ಮುಂದಿನ ವರ್ಷ ಅವಳು ಪ್ರಾಣಿಶಾಸ್ತ್ರ ಬಿಟ್ಟಳು. ಈಗ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಬಡಾವಣೆವಾರು ವಿಂಗಡಿಸುತ್ತಾಳೆ. ಅವಳ ಕೈಯಲ್ಲಿ ಇದುವರೆಗೆ ಒಂದು ಕಾಗದವೂ ತಪ್ಪು ಗೂಡಿಗೆ ಬಿದ್ದಿಲ್ಲ ಎಂದು ಅಲ್ಲಿಯವರು ಹೇಳುತ್ತಾರೆ. ಹೆತ್ತ ಮಗಳ ಮಾತಿಗಿಂತ, ಹೆತ್ತ ಮಕ್ಕಳಿದ್ದ ಹಾಗೆ ಎಂದುಕೊಂಡ ಜಾಡಿಯ ಚೀಟಿ ಅವರಿಗೆ ಹೆಚ್ಚಾಗಿತ್ತು. ಆ ಜಾಡಿಯನ್ನಾದರೂ ನೋಡಿದ್ದರೇ ಎಂದರೆ, ಅದೂ ಇಲ್ಲ.

ಚೀಟಿ ಅಂಟಿಸಿಬಿಟ್ಟರೆ ಕೋಣೆ ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಲವತ್ತು ವರ್ಷದಿಂದ ಗೊತ್ತಾಗಿಲ್ಲ. ಖಾಲಿ ಬಿಟ್ಟರೆ ಗೇಟು, ಗಂಟೆ, ಒಳ್ಳೆಯ ಗಾಳಿ. ಡಾಕ್ಟರು ಬಹಳ ಹೊತ್ತು ಗೋಡೆಯ ಫೋಟೋ ನೋಡಿದರು. ಆಮೇಲೆ ಒಂದು ಬಿಳಿ ಕಾಗದ ಕತ್ತರಿಸಿ, ತಮ್ಮ ಕೋಳಿಕಾಲಿನಂಥ ಅಕ್ಷರದಲ್ಲಿ ಬರೆದು, ಅಂಟಿಸಿ, ಬೀಗ ಹಾಕಿ ಮನೆಗೆ ಹೋದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷವಿರುವಾಗ ಪ್ರಿನ್ಸಿಪಾಲರು ಕೋಣೆಯನ್ನು ಒಂದು ಸುತ್ತು ಹಾಕಿ, ಕೊನೆಯ ಕಪಾಟಿನ ಮುಂದೆ ನಿಂತು, ಗಟ್ಟಿಯಾಗಿ ಓದಿದರು: "ಹೆಸರು ಗೊತ್ತಿಲ್ಲ. ಕಾಲು ಎಂಟು."

ಹಿಂದೆ ಬಂದಿದ್ದ ಮುಖ್ಯಸ್ಥರೂ ಬೆನ್ನುಮೂಳೆ ಪೇಪರಿನವರೂ ಕತ್ತು ಚಾಚಿದರು.

"ಏನ್ರೀ ಇದು? ಇದು ಕಾಲೇಜು ಕಣ್ರೀ! ಇಲ್ಲಿ ಗೊತ್ತಿಲ್ಲ ಅಂತ ಬರೀತಾರೇನ್ರೀ?"

"ನನಗೆ ಗೊತ್ತಿಲ್ಲ ಸಾರ್, ಅದಕ್ಕೆ ಬರೆದೆ."

"ನಿಮಗೆ ಗೊತ್ತಿಲ್ದೆ ಇದ್ರೆ ನಿಮ್ಮ ಮನೇಲಿ ಬರ್ಕೊಳ್ಳಿ! ಜಾಡಿ ಮೇಲೆ ಯಾಕೆ?" ಸೋಫಾದ ಆಸೆಯನ್ನು ಮಾನದ ಭಯ ನುಂಗಿಹಾಕಿತ್ತು. "ಮುಖ್ಯಸ್ಥರೇ, ಬೇಗ ಒಂದು ಹೆಸರು ಹೇಳಿ. ಯಾವುದಾದ್ರೂ ಸರಿ, ಉದ್ದವಾಗಿರಲಿ."

ಮುಖ್ಯಸ್ಥರು ಜಾಡಿ ನೋಡಿ, "ಕಡ್ಡಿಹುಳು ಅಂತ ಇತ್ತಲ್ಲ" ಎಂದರು.

"ಕಾಲು ಎಣಿಸಿ ಸಾರ್" ಎಂದರು ಡಾಕ್ಟರು.

"ಎಣಿಸೋಕೇನಿದೆ? ಕೀಟ ಅಂದ್ಮೇಲೆ ಆರು." ಹಾಗೆಂದರೂ ಮುಖ್ಯಸ್ಥರ ಬೆರಳು ತಾನಾಗಿ ಗಾಜಿನ ಮೇಲೆ ಓಡಿತು. ಆರಕ್ಕೆ ನಿಲ್ಲಲು ನೋಡಿತು, ನಿಲ್ಲಲಾಗಲಿಲ್ಲ. ಅವರ ಮುಖ ಸಣ್ಣಗಾಯಿತು. ಆ ಕೆಂಪು ಶಾಯಿ ಅವರದೇ ಎಂದು ಡಾಕ್ಟರಿಗೆ ಗೊತ್ತಿತ್ತು, ಹೇಳಲಿಲ್ಲ. ಪ್ರಿನ್ಸಿಪಾಲರು ಕಾಗದವನ್ನು ಉಗುರಿನಿಂದ ಕೀಳಲು ಬಗ್ಗಿದರು. ಡಾಕ್ಟರು ಈ ಸಲ ಗೋಂದನ್ನು ಧಾರಾಳವಾಗಿ ಸವರಿದ್ದರು. ಪ್ರಿನ್ಸಿಪಾಲರು ಹಾಗೆ ಬಗ್ಗಿರುವಾಗಲೇ ತಪಾಸಣೆಯ ಮೇಡಂ ಒಳಗೆ ಬಂದರು.

ವಯಸ್ಸಾದ, ಬಿಳಿಗೂದಲಿನ, ಸಣ್ಣ ಮೈಕಟ್ಟಿನ ಹೆಂಗಸು. ಪ್ರಿನ್ಸಿಪಾಲರು ನೆಟ್ಟಗಾಗಿ ಜಾಡಿಗೆ ಅಡ್ಡ ನಿಂತರು. ಮೇಡಂ ಒಂದೊಂದೇ ಕಪಾಟು ನೋಡುತ್ತಾ ಬಂದು, ಅವರ ಎದುರು ನಿಂತು, ಅವರೂ ಒಂದು ಮಾದರಿಯೇ ಎಂಬಂತೆ ಸ್ವಲ್ಪ ಹೊತ್ತು ನೋಡಿ, "ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದರು.

ಚೀಟಿ ಓದಿದರು. "ಇದನ್ನ ಬರೆದವರು ಯಾರು?"

ಆ ಕೋಣೆಯಲ್ಲಿದ್ದ ಎಲ್ಲ ಬೆರಳುಗಳೂ ಒಂದೇ ದಿಕ್ಕಿಗೆ ತಿರುಗಿದವು. ಡಾಕ್ಟರು ಕೈಮುಗಿದು, ಸೀಮೆಸುಣ್ಣದಿಂದ ಶುರುಮಾಡಿ ಒದ್ದೆ ಬಟ್ಟೆಯವರೆಗೆ, ಬೀರುವಿನ ಪುಸ್ತಕದಿಂದ ಶುರುಮಾಡಿ ಎಂಟು ಕಾಲಿನವರೆಗೆ ಎಲ್ಲವನ್ನೂ ಒಪ್ಪಿಸಿದರು. ಮಗಳ ವಿಷಯ ಬಂದಾಗ ಮಾತ್ರ ಮಾತು ತಡವರಿಸಿತು. "ಅವಳು ಎಣಿಸಿದ್ಲು ಮೇಡಂ. ನಾನು ಎಣಿಸಲಿಲ್ಲ" ಎಂದು ನಿಲ್ಲಿಸಿದರು.

ಮೇಡಂ ಚೀಲದಿಂದ ಭೂತಗನ್ನಡಿ ತೆಗೆದು ಬಗ್ಗಿದರು. ತುಟಿ ಅಲುಗಿಸುತ್ತಾ ಎಣಿಸಿದರು.

"ಎಂಟು" ಎಂದರು. "ಕೀಟ ಅಲ್ಲ."

"ಹಾಗಾದ್ರೆ ಇದರ ಹೆಸರು ಮೇಡಂ?" ಪ್ರಿನ್ಸಿಪಾಲರು ಪೆನ್ನು ತೆಗೆದು ಸಿದ್ಧರಾದರು.

"ನನಗೆ ಗೊತ್ತಿಲ್ಲ."

ಪ್ರಿನ್ಸಿಪಾಲರ ಪೆನ್ನು ಗಾಳಿಯಲ್ಲೇ ನಿಂತಿತು. ಅಷ್ಟು ದೊಡ್ಡ ಊರಿನಿಂದ ಬಂದವರು, ಹೆಸರಿನ ಹಿಂದೆ ಮುಂದೆ ಅಷ್ಟು ಪದವಿ ಇರುವವರು, ಆ ಮಾತನ್ನು ನೀರು ಕೇಳಿದಷ್ಟು ಸಲೀಸಾಗಿ ಹೇಳಿಬಿಟ್ಟಿದ್ದರು.

"ನನ್ನ ಜೀವನವೆಲ್ಲ ಬಸವನಹುಳು ಜೊತೆ ಕಳೀತು. ಅದಕ್ಕಿರೋದು ಒಂದೇ ಕಾಲು. ಎಂಟರ ಅಭ್ಯಾಸ ನನಗಿಲ್ಲ" ಎಂದು ಮೇಡಂ ನಕ್ಕರು. "ಸಮುದ್ರದ್ದೇನೋ ಇರಬಹುದು. ಗೊತ್ತಿರೋರನ್ನ ಕೇಳೋಣ. ಎಲ್ಲಿ, ನೀವೂ ನೋಡಿ" ಎಂದು ಭೂತಗನ್ನಡಿಯನ್ನು ಮುಖ್ಯಸ್ಥರ ಕೈಗಿತ್ತರು. ಮುಖ್ಯಸ್ಥರು ನೋಡಿದರು. ಬೆನ್ನುಮೂಳೆ ಪೇಪರಿನವರು "ನನಗೂ ಕೊಡಿ ಸ್ವಲ್ಪ" ಎಂದರು. "ಬಾಯಿ ಎಲ್ಲಿದೆ ಸಾರ್ ಇದಕ್ಕೆ?" "ನನಗೂ ಅದೇ ಗೊತ್ತಾಗ್ತಿಲ್ಲ." ಆ ಮಾತು ಒಮ್ಮೆ ಹೊರಬಿದ್ದ ಮೇಲೆ ಎಲ್ಲರಿಗೂ ಅದು ರುಚಿಸತೊಡಗಿತು. ಹತ್ತು ನಿಮಿಷದಲ್ಲಿ ಆ ಕೋಣೆಯಲ್ಲಿ ಏಳೆಂಟು ಸಲ ಕೇಳಿಸಿತು.

ವರದಿ ಅಲ್ಲೇ ಬರೆದಾಯಿತು. ಈ ಕೋಣೆಯಲ್ಲಿ ಇನ್ನೂ ಗುರುತಿಸದ ಮಾದರಿ ಒಂದಿದೆ. ಗುರುತಿಸುವವರೆಗೆ ಕೋಣೆಯನ್ನು ಬೇರೆ ಉಪಯೋಗಕ್ಕೆ ಕೊಡಬಾರದು, ಅದನ್ನು ನೋಡಿಕೊಳ್ಳುವವರನ್ನೂ ಬದಲಿಸಬಾರದು. ಗುರುತಿಸಲು ಪ್ರಿನ್ಸಿಪಾಲರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಎಂದು ಕೊನೆಯಲ್ಲಿ ಸೇರಿಸಿದ್ದರು. ಸಮಿತಿ ಎಂದ ಮೇಲೆ ಸೋಫಾ ಕಾರಿಡಾರಿನಲ್ಲೇ ಉಳಿಯುವುದು ಖಾತ್ರಿಯಾಯಿತು.

ಭಾನುವಾರ ಮಗಳು ಎಂದಿನಂತೆ ಊಟಕ್ಕೆ ಬಂದಳು. ಊಟವಾದ ಮೇಲೆ ಡಾಕ್ಟರು ಬೀಗದ ಕೈ ಎತ್ತಿಕೊಂಡು, "ಬಾ, ಸ್ವಲ್ಪ ಕಾಲೇಜಿಗೆ ಹೋಗಿ ಬರೋಣ" ಎಂದರು. ದಾರಿಯುದ್ದಕ್ಕೂ ಹವಾಮಾನದ ವಿಷಯ ಮಾತಾಡಿದರು. ಕೋಣೆಯಲ್ಲಿ ಕೊನೆಯ ಕಪಾಟಿನ ಮುಂದೆ ಅವಳನ್ನು ನಿಲ್ಲಿಸಿ ತಾವು ಕಿಟಕಿಯ ಕಡೆ ತಿರುಗಿಕೊಂಡರು.

ಅವಳು ಚೀಟಿ ಓದಿದಳು.

"ಅವತ್ತು ನೀನು ಹೇಳಿದ್ದೇ ಸರಿ, ಪುಟ್ಟಿ" ಎಂದರು ಡಾಕ್ಟರು ಕಿಟಕಿಗೆ. "ನಾನು ಎಣಿಸಬೇಕಿತ್ತು. ಎಣಿಸದೆ ನಿನ್ನನ್ನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋದೆ."

"ಆ ಕಣ್ಣಿನ ಡಾಕ್ಟರು ಎಲ್ಲ ಚೆನ್ನಾಗಿದೆ ಅಂದಾಗ ನಿನ್ನ ಮುಖ ನೋಡಬೇಕಿತ್ತು ಅಪ್ಪ" ಎಂದಳು ಮಗಳು.

ಡಾಕ್ಟರು ಮೇಜಿನ ಖಾನೆಯಿಂದ ಅವಳ ರೆಕಾರ್ಡ್ ಪುಸ್ತಕ ತೆಗೆದು ಕೈಗಿತ್ತರು. ಕೆಂಪು ಗೀಟುಗಳನ್ನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಅಳಿಸಿಹೋದ ಕಾಲುಗಳನ್ನು ಅವರೇ ಪೆನ್ಸಿಲಿನಲ್ಲಿ, ನಾಲಿಗೆ ಕಚ್ಚಿಕೊಂಡು, ಮತ್ತೆ ಬರೆದಿದ್ದರು. ಪಕ್ಕದಲ್ಲಿ ಕೋಳಿಕಾಲಿನ ಅಕ್ಷರದಲ್ಲಿ "ಸರಿ" ಎಂದೂ ಹಾಕಿದ್ದರು.

ಮಗಳು ಪುಟವನ್ನು ಬೆಳಕಿಗೆ ಹಿಡಿದಳು. ಅವಳ ಬೆರಳು ಒಂದೊಂದೇ ಕಾಲಿನ ಮೇಲೆ ಹೋಯಿತು.

"ಅಪ್ಪಾ," ಎಂದಳು, "ಈಗ ಒಂಬತ್ತಾಗಿದೆ."

ಡಾಕ್ಟರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಈ ಸಲ ಅವಳ ಮಾತನ್ನು ಅಲ್ಲಗಳೆಯಲಿಲ್ಲ. ಬಗ್ಗಿ ನಿಂತು, ಮೊದಲ ಕಾಲಿನಿಂದ ಶುರುಮಾಡಿ, ಗಟ್ಟಿಯಾಗಿ ಎಣಿಸಿದರು. ಒಂಬತ್ತೇ ಇತ್ತು.